ಬಿದ್ದ ಮರದ ಪಾಲು

ಪುಕ್ಕಟೆ ಸಿಗುವ ವಸ್ತುಗಳಲ್ಲಿ ಕಟ್ಟಿಗೆಯಷ್ಟು ದುಡಿಸಿಕೊಳ್ಳುವ ವಸ್ತು ಮತ್ತೊಂದಿಲ್ಲ. ಮರಕ್ಕೆ ಬೆಲೆ ತೆರಬೇಕಾಗಿಲ್ಲವೆಂದು ಹೊರಟವನು ಅದನ್ನು ತುಂಡರಿಸಬೇಕು, ಸೀಳಬೇಕು, ಹೊತ್ತು ತರಬೇಕು, ಒಟ್ಟಬೇಕು, ಮುಂದಿನ ಮಳೆಗೆ ಮೊದಲು ಮಾಡಿನ ಕೆಳಗೆ ಸೇರಿಸಬೇಕು. ಇಷ್ಟೆಲ್ಲ ಆದ ಮೇಲೆ ಅದು ಒಲೆಯ ಬಾಯಿಗೆ ಬರುತ್ತದೆ. ಹೀಗಿದ್ದರೂ ಘಟ್ಟದ ಮೇಲಿನ ನಮ್ಮ ಶಿರಸಿ ಸೀಮೆಯಲ್ಲಿ ಕಟ್ಟಿಗೆಯನ್ನು ಹಣ ಕೊಟ್ಟು ಕೊಂಡವನನ್ನು ಜನ ಸ್ವಲ್ಪ ಮರುಕದಿಂದಲೇ ನೋಡುತ್ತಾರೆ.

ಅಡುಗೆಯ ಅನಿಲ ಬಂದ ಮೇಲೆ ಕಟ್ಟಿಗೆಯ ಕಾಲ ಮುಗಿಯಿತೆಂದು ಪೇಟೆಯವರು ತಿಳಿದಿರುವುದುಂಟು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಸಿಲಿಂಡರು ಬಡವರ ಅಡುಗೆಮನೆಯನ್ನೂ ಸೇರಿತು ಎಂಬುದು ನಿಜ. ಆದರೆ ಬಚ್ಚಲಿನ ಹಂಡೆ ಸಿಲಿಂಡರಿನ ಮಾತನ್ನು ಕೇಳುವುದಿಲ್ಲ. ದೀಪಾವಳಿ ಕಳೆದು ಕೊಯ್ಲು ಏರಿದಾಗ ಸುಲಿದ ಅಡಿಕೆಯನ್ನು ಬೇಯಿಸುವ ಒಲೆ ಹಗಲಿರುಳೂ ಉರಿಯಬೇಕು. ಮದುವೆ ಮುಂಜಿಗಳಲ್ಲಿ ಐನೂರು ಜನಕ್ಕೆ ಅನ್ನವಾಗಬೇಕು. ಕೊನೆಗೆ ಮನುಷ್ಯ ಕಣ್ಣು ಮುಚ್ಚಿದ ದಿನವೂ ಒಂದಿಷ್ಟು ಒಣ ಮರ ಬೇಕು. ಆದ್ದರಿಂದ ಕಟ್ಟಿಗೆಯ ಚಿಂತೆ ನಮ್ಮ ಊರುಗಳನ್ನು ಬಿಟ್ಟು ಹೋಗಿಲ್ಲ. ಕಟ್ಟಿಗೆ ಮಾಡುವ ರೀತಿ ಮಾತ್ರ ಬದಲಾಗಿದೆ. ಆ ಬದಲಾವಣೆಯ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿತ್ತು.

ಪುಕ್ಕಟೆ ಕಟ್ಟಿಗೆಗೆ ನಮ್ಮಲ್ಲಿ ಹಲವು ದಾರಿಗಳುಂಟು. ಆಷಾಢದ ಗಾಳಿಗೆ ಉರುಳಿದ ಮರ, ವಿದ್ಯುತ್ ತಂತಿಗೆ ತಾಗುತ್ತದೆಂದು ಸವರಿ ಹಾಕಿದ ಕೊಂಬೆ, ಅಕೇಶಿಯಾ ನೆಡುತೋಪು ಕಡಿದಾಗ ಉಳಿದುಹೋದ ತುದಿಗಳು, ಸೊಪ್ಪಿನ ಬೆಟ್ಟದಲ್ಲಿ ನಿಂತಲ್ಲಿಯೇ ಒಣಗಿದ ಮತ್ತಿ, ಕಿಂದಳ. ಸೊಪ್ಪಿನ ಬೆಟ್ಟವೆಂದರೆ ಏನೆಂದು ಬಯಲುಸೀಮೆಯ ವಾಚಕರು ಕೇಳಬಹುದು. ಅಡಿಕೆ ತೋಟಕ್ಕೆ ಸೊಪ್ಪು, ದರಕು ಬೇಕೆಂದು ತೋಟದ ಒಂದು ಎಕರೆಗೆ ಒಂಬತ್ತು ಎಕರೆಯವರೆಗೆ ಪಕ್ಕದ ಕಾಡನ್ನು ಬ್ರಿಟಿಷರ ಕಾಲದಲ್ಲಿಯೇ ಬಿಟ್ಟುಕೊಟ್ಟಿದ್ದರು. ನೆಲ ಸರಕಾರದ್ದು, ಎಲೆ ತೋಟಿಗನದು. ನಡುವಿನ ಮರ ಯಾರದೆಂಬುದು ಕೆಲವು ತಲೆಮಾರುಗಳ ಜಗಳ.

ತೋಟವೂ ಇಲ್ಲದ, ಬೆಟ್ಟವೂ ಇಲ್ಲದ ಜನಕ್ಕೆ ಉಳಿದದ್ದು ಹೊರೆ. ಕೈಯಲ್ಲಿ ಮುರಿಯಬಹುದಾದ ಒಣ ರೆಂಬೆ, ನೆಲಕ್ಕೆ ಬಿದ್ದ ಜಿಗ್ಗು, ದೋಟಿಗೆ ಸಿಕ್ಕುವಷ್ಟು ಎತ್ತರದ ಸತ್ತ ಕೊಂಬೆ: ಇವನ್ನು ಬಳ್ಳಿಯಲ್ಲಿ ಬಿಗಿದು, ತಲೆಯ ಮೇಲೆ ಸಿಂಬೆಯಿಟ್ಟು ಹೊತ್ತು ತಂದರೆ ಯಾರೂ ತಡೆಯುತ್ತಿರಲಿಲ್ಲ. ಗಾರ್ಡನೂ ಕಂಡೂ ಕಾಣದಂತೆ ಹೋಗುತ್ತಿದ್ದ. ಎಷ್ಟು ತರಬಹುದೆಂದು ಯಾವ ಹಲಗೆಯ ಮೇಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಒಬ್ಬ ಹೆಂಗಸಿನ ಕತ್ತು ಇಪ್ಪತ್ತು ಇಪ್ಪತ್ತೈದು ಕಿಲೋ ಭಾರವನ್ನು ತಾಳಿಕೊಂಡು ಎರಡು ಮೈಲಿ ನಡೆಯಬಲ್ಲುದು. ಅಷ್ಟೇ ಆಕೆಯ ಪಾಲು. ಕೈಯೂ ಕತ್ತೂ ಕೂಡಿ ಮಾಡಿದ ಈ ಕಟ್ಟಳೆಯನ್ನು ಮೀರಬೇಕೆಂದರೂ ಮೀರುವಂತಿರಲಿಲ್ಲ.

ಇದು ನಮ್ಮ ಮಲೆನಾಡಿನಲ್ಲಿ ಮಾತ್ರ ಇದ್ದ ಪದ್ಧತಿಯೆಂದು ತಿಳಿಯಬಾರದು. ಇಂಗ್ಲಿಷಿನಲ್ಲಿ ‘ಬೈ ಹುಕ್ ಆರ್ ಬೈ ಕ್ರುಕ್’ ಎಂಬ ನುಡಿಗಟ್ಟು ಶಾಲೆಯ ಮಕ್ಕಳಿಗೂ ಗೊತ್ತು. ಹೇಗಾದರೂ ಮಾಡಿ ಎಂದು ಅದಕ್ಕೆ ಅರ್ಥ ಹೇಳಿಕೊಡುತ್ತೇವೆ. ಸಾಮಂತನ ಕಾಡಿನಲ್ಲಿ ಕೊಕ್ಕೆಗೂ ಕುಡುಗೋಲಿಗೂ ಎಟುಕುವಷ್ಟು ಸತ್ತ ಕಟ್ಟಿಗೆಯನ್ನು ಬಡವರು ಎಳೆದುಕೊಳ್ಳಬಹುದೆಂಬ ಹಳೆಯ ರೂಢಿಯಿಂದ ಆ ಮಾತು ಹುಟ್ಟಿತೆಂದು ಒಂದು ಅಭಿಪ್ರಾಯವುಂಟು. ಅದು ನಿಜವಾದರೆ ಅವರ ಕೊಕ್ಕೆ ನಮ್ಮ ದೋಟಿಯ ಅಣ್ಣನೇ ಸರಿ. 1217ರಲ್ಲಿ ಮತ್ತೆ ಹೊರಡಿಸಿದ ಮ್ಯಾಗ್ನಾ ಕಾರ್ಟಾದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಊರ ಸಾಮಾನ್ಯ ಭೂಮಿಯಿಂದ ತಕ್ಕಷ್ಟು ‘ಎಸ್ಟೋವರ್’ ದೊರೆಯಬೇಕೆಂದು ಹೇಳಿದೆ. ಉರುವಲು ಮೊದಲಾದ ಜೀವನಾವಶ್ಯಕಗಳೆಂದು ಆ ಪದಕ್ಕೆ ಅರ್ಥ ಮಾಡುತ್ತಾರೆ. ರಾಜನ ಅಧಿಕಾರಕ್ಕೆ ಮಿತಿ ಹಾಕಲು ಹೊರಟ ಮಹಾಪತ್ರದಲ್ಲಿ ವಿಧವೆಯ ಒಲೆಗೂ ಒಂದು ಸಾಲು ಸಿಕ್ಕಿತೆಂಬುದು ಇತಿಹಾಸದ ಪಾಠಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿ.

ಮತ್ತೊಂದು ನಿದರ್ಶನ ಜರ್ಮನಿಯ ರೈನ್ ಪ್ರಾಂತದ್ದು. ಅಲ್ಲಿನ ಪ್ರಾಂತೀಯ ಸಭೆ ಕಾಡಿನಲ್ಲಿ ಒಣ ಪುರಳೆ ಆಯುವುದನ್ನೂ ಕಳವೆಂದು ಕರೆಯಲು ಹೊರಟಿತ್ತು. 1842ರಲ್ಲಿ ಇಪ್ಪತ್ತನಾಲ್ಕು ವರ್ಷದ ಪತ್ರಿಕಾ ಸಂಪಾದಕನೊಬ್ಬ ಅದನ್ನು ಖಂಡಿಸಿ ಲೇಖನಮಾಲೆಯನ್ನೇ ಬರೆದ. ಜೀವಂತ ಮರವನ್ನು ಕಡಿದದ್ದು ಬೇರೆ, ಮರವೇ ಕೈಬಿಟ್ಟ ರೆಂಬೆಯನ್ನು ಎತ್ತಿಕೊಂಡದ್ದು ಬೇರೆ ಎಂಬುದು ಅವನ ವಾದದ ತಿರುಳು. ಆ ಸಂಪಾದಕನ ಹೆಸರು ಕಾರ್ಲ್ ಮಾರ್ಕ್ಸ್. ಅರ್ಥಶಾಸ್ತ್ರದ ಪ್ರಶ್ನೆಗಳತ್ತ ತನ್ನನ್ನು ಮೊದಲು ಎಳೆದವುಗಳಲ್ಲಿ ಈ ಕಟ್ಟಿಗೆಯ ಪ್ರಕರಣವೂ ಒಂದೆಂದು 1859ರಲ್ಲಿ ಆತನೇ ಬರೆದುಕೊಂಡಿದ್ದಾನೆ. ಅವನ ಸಿದ್ಧಾಂತವನ್ನು ಒಪ್ಪುವವರೂ ಒಪ್ಪದವರೂ ಈ ಒಂದು ಭೇದವನ್ನು ಒಪ್ಪಿಯಾರು.

ನಮ್ಮ ದೇಶದ ಕಾಯಿದೆ ಮಾತ್ರ ಅದನ್ನು ಒಪ್ಪಲಿಲ್ಲ. 1927ರ ಭಾರತೀಯ ಅರಣ್ಯ ಕಾಯಿದೆಯ ಪ್ರಕಾರ ಕಡಿದ ಮರವೂ ‘ಟಿಂಬರ್’, ತಾನಾಗಿ ಬಿದ್ದ ಮರವೂ ‘ಟಿಂಬರ್’. 2006ರ ಅರಣ್ಯ ಹಕ್ಕು ಕಾಯಿದೆ ಪುರಳೆ, ಬೊಡ್ಡೆಗಳನ್ನು ಕಿರು ಅರಣ್ಯ ಉತ್ಪನ್ನದ ಪಟ್ಟಿಗೆ ಸೇರಿಸಿತು. 2008ರ ಆರಂಭದಲ್ಲಿ ಬಂದ ಅದರ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ ಒಂದು ಮಾತಿತ್ತು: ಇಂಥ ಉತ್ಪನ್ನವನ್ನು ಕಾಡಿನೊಳಗೆ ತಲೆಹೊರೆ, ಸೈಕಲ್ಲು, ಕೈಗಾಡಿಗಳಲ್ಲಿ ಸಾಗಿಸಬಹುದು. ಸಿಂಬೆಯ ಕಟ್ಟಳೆ ಕೊನೆಗೂ ರಾಜಪತ್ರದಲ್ಲಿ ಅಚ್ಚಾಯಿತಲ್ಲ ಎಂದು ನನಗೆ ಸಂತೋಷವಾಗಿತ್ತು. 2012ರ ತಿದ್ದುಪಡಿಯಲ್ಲಿ ಅದು ‘ಸೂಕ್ತ ಸಾಗಣೆಯ ಸಾಧನ’ ಎಂದಾಯಿತು. ಸಂಗ್ರಹಿಸುವವರ ಹಿತಕ್ಕಾಗಿಯೇ ಮಾಡಿದ ತಿದ್ದುಪಡಿ ಅದು, ತಪ್ಪೆನ್ನಲಾರೆ.

ಈ ತಲೆಯ ಅಳತೆಯನ್ನು ನಿಜವಾಗಿ ಮುರಿದದ್ದು ಕಾಯಿದೆಯಲ್ಲ, ಸರಪಳಿ ಗರಗಸ. ನಮ್ಮೂರಲ್ಲಿ ಅದಕ್ಕೆ ‘ಮಿಷನ್’ ಎಂದಷ್ಟೇ ಹೆಸರು. ಐದಾರು ಕಿಲೋ ತೂಕದ ಯಂತ್ರ. ಮುಂದೆ ಒಂದೂವರೆ ಅಡಿಯ ಉಕ್ಕಿನ ನಾಲಗೆ. ಅದರ ಅಂಚಿನಲ್ಲಿ ಹಲ್ಲಿನ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರು ವೇಗದಲ್ಲಿ ಓಡುತ್ತದೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು, ಸರಪಳಿಗೆ ಬೇರೆ ಎಣ್ಣೆ ಇಳಿಯುತ್ತಿರಬೇಕು. ನಾಲಗೆಯ ತುದಿಯ ಮೇಲ್ಭಾಗ ಮರಕ್ಕೆ ತಾಗಿತೋ, ಯಂತ್ರ ಕ್ಷಣಾರ್ಧದಲ್ಲಿ ಹಿಡಿದವನ ಮುಖದತ್ತ ಚಿಮ್ಮುತ್ತದೆ. ಕಾಲಿಗೆ ಕಾಪು, ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕವಿಲ್ಲದೆ ಅದನ್ನು ಮುಟ್ಟಬಾರದು. ನಮ್ಮ ಹುಡುಗರು ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ನಿಂತು ಕೊಯ್ಯುತ್ತಾರೆ. ಹೊಲಗೇರಿನ ಮರವನ್ನು ಹಾಗೆ ಕೊಯ್ದು, ಸೊನೆ ಬೆರೆತ ಹೊಟ್ಟು ಸಿಡಿದು, ಮುಖ ಬಾತು ವಾರಗಟ್ಟಲೆ ಮಲಗಿದವನನ್ನು ನಾನೇ ನೋಡಿದ್ದೇನೆ.

ಈ ಯಂತ್ರದ ಚರಿತ್ರೆ ವಿಚಿತ್ರವಾಗಿದೆ. ಹಲ್ಲಿನ ಸರಪಳಿಯನ್ನು ತಿರುಗಿಸಿ ಕೊಯ್ಯುವ ಉಪಕರಣವೊಂದನ್ನು 1830ರ ಸುಮಾರಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ರಚಿಸಿದ್ದು ಮರಕ್ಕಾಗಿಯಲ್ಲ, ಶಸ್ತ್ರಚಿಕಿತ್ಸೆಯಲ್ಲಿ ಮೂಳೆ ಕೊಯ್ಯುವುದಕ್ಕಾಗಿ. 1926ರಲ್ಲಿ ಆಂಡ್ರಿಯಾಸ್ ಸ್ಟಿಲ್ ಎಂಬಾತ ವಿದ್ಯುತ್ತಿನಿಂದ ಓಡುವ ಮರದ ಗರಗಸವನ್ನು ಮಾಡಿದ. ಅದನ್ನು ಹಿಡಿಯಲು ಇಬ್ಬರು ಬೇಕಾಗಿತ್ತು. ಆದರೂ ಹಲ್ಲು ಬೇಗ ಮೊಂಡಾಗುತ್ತಿತ್ತು, ಹೊಟ್ಟು ಸಿಕ್ಕಿಕೊಳ್ಳುತ್ತಿತ್ತು. 1946ರ ಶರತ್ಕಾಲದಲ್ಲಿ ಅಮೆರಿಕದ ಒರೆಗಾನ್ ಪ್ರಾಂತದಲ್ಲಿ ಜೋಸೆಫ್ ಬುಫೋರ್ಡ್ ಕಾಕ್ಸ್ ಎಂಬ ಮರಕಡಿಯುವವನು ಕಟ್ಟಿಗೆ ಒಡೆಯುತ್ತಿದ್ದಾಗ ಒಂದು ಬೊಡ್ಡೆಯೊಳಗೆ ಬೆರಳು ದಪ್ಪದ ಮರಹುಳುವನ್ನು ಕಂಡನಂತೆ. ಅದು ಮರದ ಎಳೆಯ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಕೊರೆದುಕೊಂಡು ಹೋಗುತ್ತಿತ್ತು. ಅದರ ಎರಡು ದವಡೆಗಳು ಎಡಕ್ಕೂ ಬಲಕ್ಕೂ ಬಾಗಿ ಕತ್ತರಿಸುವುದನ್ನು ನೋಡಿ, ಹಾಗೆಯೇ ಎಡ ಬಲ ಬಾಗಿದ ಹಲ್ಲುಗಳನ್ನು ಉಕ್ಕಿನಲ್ಲಿ ಮಾಡಿ, 1947ರಲ್ಲಿ ಮಾರಾಟಕ್ಕಿಟ್ಟ. ಇಂದು ಲೋಕದಲ್ಲಿ ಓಡುವ ಸರಪಳಿಗಳ ಹಲ್ಲು ಬಹುಮಟ್ಟಿಗೆ ಅದೇ ವಂಶದ್ದು. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬ ನಮ್ಮ ಗಾದೆ ಮರವನ್ನು ಕುರಿತದ್ದು. ಇಲ್ಲಿ ಸತ್ತ ಮರದಲ್ಲಿ ಬದುಕುವ ಹುಳುವಿನ ಹಲ್ಲೇ ಆ ಹುಳುವಿನ ಮನೆಗೆ ಮೃತ್ಯುವಾಯಿತು.

ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕೊಡಲಿಯ ದಿನಗಳನ್ನು ಹಾಡಿ ಹೊಗಳುವವರು ಸಾಮಾನ್ಯವಾಗಿ ಕೊಡಲಿ ಹಿಡಿದವರಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಗೆ ಬರುತ್ತಿದ್ದ ಗರಗಸದವರಲ್ಲಿ ಒಬ್ಬ ದಿಮ್ಮಿಯ ಮೇಲೆ ನಿಂತು ಎಳೆದರೆ ಮತ್ತೊಬ್ಬ ಕೆಳಗಿನಿಂದ ಎಳೆಯುತ್ತಿದ್ದ. ಕೆಳಗಿನವನ ಕಣ್ಣು, ಮೂಗು, ಬಾಯಿಗಳಲ್ಲೆಲ್ಲ ಹೊಟ್ಟು. ಸಂಜೆ ಅವನು ಕೆಮ್ಮುತ್ತಿದ್ದುದು ಜಗಲಿಯವರೆಗೂ ಕೇಳುತ್ತಿತ್ತು. ಆ ಕೆಮ್ಮು ತಪ್ಪಿದ್ದು ಒಳ್ಳೆಯದೇ ಆಯಿತು. ನಾನೂ ಈಗ ನಮ್ಮ ಬೆಟ್ಟದ ಬಿದ್ದ ಮರಗಳನ್ನು ಮಿಷನ್ನಿನಿಂದಲೇ ಕೊಯ್ಯಿಸುತ್ತೇನೆ. ಸೀಳುವುದಕ್ಕೆ ಮಾತ್ರ ಕೊಡಲಿ, ಬೆಣೆ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಬೇಗ ತುಂಡಾಗಿ ಸೀಳಾದಷ್ಟೂ ಬೇಗ ಒಣಗುತ್ತದೆ. ಬೇಗ ಒಣಗಿದಷ್ಟೂ ಒಲೆಯ ಮುಂದೆ ಕುಳಿತವರಿಗೆ ಹೊಗೆ ಕಡಿಮೆ. ಇದೂ ಯಂತ್ರದ ಪುಣ್ಯವೇ.

ಹೋದ ವರ್ಷದ ಶ್ರಾವಣದಲ್ಲಿ ನಮ್ಮೂರ ರಸ್ತೆಯ ತಿರುವಿನಲ್ಲಿದ್ದ ಹಳೆಯ ಮಾವಿನ ಮರ ಬಿತ್ತು. ಹಿಂದೆ ಇಂಥ ಮರ ಬಿದ್ದರೆ ಊರಿಗೆ ಎರಡು ದಿನದ ಕೆಲಸ. ಕೊಡಲಿ ತಂದವನಿಗೆ ಕುಂಟೆ, ಕತ್ತಿ ತಂದವನಿಗೆ ಕೊಂಬೆ, ಬರಿಗೈಯವರಿಗೆ ರೆಂಬೆ, ಚಕ್ಕೆ, ತೊಗಟೆ. ಕಾಯಿದೆಯ ಕಣ್ಣಿನಲ್ಲಿ ಅದೆಲ್ಲ ಏನಾಗಿತ್ತೋ, ಊರಿನ ಕಣ್ಣಿನಲ್ಲಿ ಅದು ಪಾಲು. ಈ ಸಲ ಇಬ್ಬರು ಹುಡುಗರು ಮಿಷನ್ ತಂದು ಮುಕ್ಕಾಲು ಗಂಟೆಯಲ್ಲಿ ರಸ್ತೆ ಬಿಡಿಸಿದರು. ಶಾಲೆಯ ಬಸ್ಸು ಹೊತ್ತಿಗೆ ಸರಿಯಾಗಿ ಹೋಯಿತು. ಮಧ್ಯಾಹ್ನದ ಊಟದೊಳಗೆ ಬುಡದಿಂದ ರೆಂಬೆಯವರೆಗೆ ಇಡೀ ಮರ ಪಿಕಪ್ಪು ಗಾಡಿಯಲ್ಲಿ ಎರಡು ಸಲಕ್ಕೆ ಸಾಗಿಹೋಯಿತು.

ಕೇರಿಯ ಕೊನೆಯಲ್ಲಿ ಒಬ್ಬಳೇ ಇರುವ ಮುದುಕಿ ಸಿಂಬೆ ಹಿಡಿದು ಬರುವಾಗ ಅಲ್ಲಿ ಉಳಿದದ್ದು ಒದ್ದೆ ಹೊಟ್ಟು.

“ಮಾಸ್ತರೇ, ಮರ ಎಲ್ಲಿಗೆ ಹೋಯ್ತು?” ಎಂದು ಕೇಳಿದಳು. ಮರ ಎದ್ದು ನಡೆದುಹೋಯಿತೇನೋ ಎಂಬಂತಿತ್ತು ಆ ಪ್ರಶ್ನೆ.

ಸಂಜೆ ಆ ಹುಡುಗರಲ್ಲಿ ಒಬ್ಬ ಸಿಕ್ಕಿದ. ನನ್ನ ಹಳೆಯ ಶಿಷ್ಯನೇ. “ತಮ್ಮಾ, ಆ ಅಮ್ಮನಿಗೆ ನಾಲ್ಕು ರೆಂಬೆ ಬಿಡಬಹುದಿತ್ತಲ್ಲ” ಎಂದೆ.

ಅವನು ಸಿಟ್ಟಾಗಲಿಲ್ಲ. “ಮಾಸ್ತರೇ, ಮಿಷನ್ ಸಾಲದ್ದು. ಪೆಟ್ರೋಲು, ಎಣ್ಣೆ, ಗಾಡಿ ಬಾಡಿಗೆ ಎಲ್ಲ ನನ್ನ ತಲೆಯ ಮೇಲೆ. ರಸ್ತೆ ಬಿಡಿಸಿಕೊಟ್ಟಿದ್ದಕ್ಕೆ ಊರವರು ಒಂದು ರೂಪಾಯಿ ಕೊಟ್ಟರಾ? ಆ ಮರವೇ ನನ್ನ ಕೂಲಿ. ಕೂಲಿಯಲ್ಲಿ ಯಾರಾದರೂ ಪಾಲು ಬಿಡುತ್ತಾರಾ?” ಎಂದ.

ನನಗೆ ಉತ್ತರ ಹೊಳೆಯಲಿಲ್ಲ. ಅವನೇನೂ ಸಾಹುಕಾರನಲ್ಲ, ಅವನ ತಾಯಿಯೂ ಒಂದು ಕಾಲಕ್ಕೆ ಹೊರೆ ಹೊತ್ತವಳೇ.

ಆ ಹೆಂಗಸಿನ ನಷ್ಟದ ಜೊತೆಗೆ ಇನ್ನೊಂದು ನಷ್ಟವೂ ಉಂಟು. ದೋಟಿಗೆ ಎಟುಕದ ಎತ್ತರದಲ್ಲಿ ಒಣಗಿ ನಿಂತ ಮರ ಹಿಂದೆ ಮರಕುಟಿಗ, ಕುಟ್ರುಹಕ್ಕಿಗಳ ಪಾಲಿಗೆ ಉಳಿಯುತ್ತಿತ್ತು. ಅವು ಕೊರೆದು ಬಿಟ್ಟ ಪೊಟರೆಯಲ್ಲಿ ಗಿಳಿ, ಮೈನಾ ಸಂಸಾರ ಹೂಡುತ್ತಿದ್ದವು. ಆ ಮರವನ್ನು ಕಡಿಯುವುದು ತಮಗೆ ಆಗದ ಕೆಲಸವೆಂದು ಜನ ಬಿಡುತ್ತಿದ್ದರೇ ಹೊರತು ಹಕ್ಕಿಯ ಮೇಲಿನ ದಯೆಯಿಂದಲ್ಲ. ಈಗ ಆಗದ ಕೆಲಸವೆಂಬುದೇ ಇಲ್ಲ. 1983ರಲ್ಲಿ ಇದೇ ಶಿರಸಿಯ ಸಲ್ಕಣಿಯ ಕಾಡಿನಲ್ಲಿ ಅಪ್ಪಿಕೋ ಚಳವಳಿ ಹುಟ್ಟಿದಾಗ ಜನ ಓಡಿಹೋಗಿ ಮರವನ್ನು ತಬ್ಬಿದರು. ಕೊಡಲಿಗೆ ಹೊತ್ತು ಹಿಡಿಯುತ್ತಿದ್ದುದರಿಂದ ಓಡಿಹೋಗಲು ಸಮಯವಿತ್ತು ಎಂದು ಆಗಾಗ ನನಗೆ ಅನ್ನಿಸುತ್ತದೆ.

ಫಿಲಿಪೈನ್ಸ್ ದೇಶದಲ್ಲಿ 2002ರಿಂದ ಈ ಗರಗಸಕ್ಕೆಂದೇ ಕಾಯಿದೆಯಿದೆ. ಬಂದೂಕಿನ ಹಾಗೆ ಅದನ್ನೂ ಸರಕಾರದಲ್ಲಿ ನೋಂದಾಯಿಸಬೇಕು. ಕಳ್ಳನಾಟಾ ತಡೆಯಲು ಅದು ಒಳ್ಳೆಯ ಉಪಾಯವಾದೀತು. ಆದರೆ ನೋಂದಾಯಿಸಿದ ಗರಗಸವೂ ರೆಂಬೆ ಬಿಡದೆ ಕೊಯ್ಯಬಲ್ಲುದು. ದಣಿಯದ ಸಾಧನ ಬಂದ ಮೇಲೆ, ದೇಹ ತಾನಾಗಿ ಹಾಕುತ್ತಿದ್ದ ಗೆರೆಯನ್ನು ನಾವು ಕೂಡಿ ಕುಳಿತು ಹಾಕಬೇಕಾಗುತ್ತದೆ. ಅದು ರಾಜಧಾನಿಯಲ್ಲಿ ಆಗುವ ಕೆಲಸವಲ್ಲವೆಂದು ನನ್ನ ನಂಬಿಕೆ.

ಈ ವರ್ಷ ಮಳೆ ಹಿಡಿಯುವ ಮೊದಲು ದೇವಸ್ಥಾನದ ಜಗಲಿಯಲ್ಲಿ ನಾವು ಹತ್ತು ಹದಿನೈದು ಜನ ಸೇರಿದ್ದೆವು. ರಸ್ತೆ ಬಿಡಿಸಿದವರಿಗೆ ಊರಿನಿಂದ ಕೂಲಿ ಕೊಡಬೇಕೆಂಬ ಮಾತಿಗೆ ಮಿಷನ್ನಿನ ಹುಡುಗ ಕೂಡಲೇ ತಲೆಯಾಡಿಸಿದ. ಮಣಿಕಟ್ಟಿಗಿಂತ ಸಣ್ಣ ರೆಂಬೆಯನ್ನು ಮುಟ್ಟದೆ ಬಿಡಬೇಕು, ಅದು ಹೊರೆಯವರ ಪಾಲು ಎಂಬುದು ಎರಡನೆಯ ಮಾತು. ಅದಕ್ಕೆ ಅವನು ನಕ್ಕು, “ಯಾರ ಮಣಿಕಟ್ಟು ಮಾಸ್ತರೇ? ನನ್ನದೋ, ಅಮ್ಮನದೋ?” ಎಂದು ಕೇಳಿದ. ಕಂಬದ ಮರೆಯಲ್ಲಿ ಕುಳಿತಿದ್ದ ಮುದುಕಿ ತಡಮಾಡದೆ, “ನಿಂದೇ ಇರಲಿ ಮಗಾ, ನಿಂದು ದಪ್ಪ ಅದೆ” ಎಂದಳು. ಜಗಲಿಯೆಲ್ಲ ನಕ್ಕಿತು. ಅವನು ತನ್ನ ಕೈಯನ್ನೊಮ್ಮೆ ನೋಡಿಕೊಂಡ. ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.