ಮುಳ್ಳು ಹೇಳಿದ ಸುಳ್ಳು!

ಬೆಳಿಗ್ಗೆ ಹತ್ತು ಗಂಟೆ. ಶ್ರೀರಂಗಪಟ್ಟಣದ ಹತ್ತಿರ ಒಂದು ಹಳೇ ಮನೆಯ ಮುಂದೆ ಹೀರೋ ರೆಡಿ, ಕ್ಯಾಮೆರಾ ರೆಡಿ, ಜೂನಿಯರ್ ಆರ್ಟಿಸ್ಟುಗಳು ಇಡ್ಲಿ ತಿಂದು ರೆಡಿ. ಬರಬೇಕಾದವಳು ಒಬ್ಬಳೇ... ಪದ್ಮಿನಿ! ಯಾವ ನಟಿ ಅಂತ ತಲೆ ಕೆರೆದುಕೊಳ್ಳಬೇಡಿ ಗೆಳೆಯರೇ. ಪ್ರೀಮಿಯರ್ ಪದ್ಮಿನಿ ಕಾರು. ಅವಳು ಆ ಹೊತ್ತಿಗೆ ಚನ್ನಪಟ್ಟಣ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗಲೇ ಹುಣಸೆಮರದ ಕೆಳಗೆ ಎರಡು ಸಲ ಕೆಮ್ಮಿ ನಿಂತುಬಿಟ್ಟಿದ್ದಳು. ಒಳಗೆ ಕೂತಿದ್ದವನು ಸಾಕ್ಷಾತ್ ನಾನೇ!

ಹಳೇ ಕಾಲದ ಕಥೆ ಇರುವ ಸಿನಿಮಾಗಳಿಗೆ ಕಾರು ಬಾಡಿಗೆಗೆ ಕೊಡುವವರ ಬಗ್ಗೆ ಬರೆಯೋಣ ಅಂತ ಹೊರಟವನು ನಾನು. ಬೆಂಗಳೂರಿನ ಈ ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಕೆನೆ ಬಣ್ಣದ ಕಾರು, 1982ರ ಮಾಡೆಲ್. ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಬೋನೆಟ್ ಕೆಳಗೆ 1089 ಸಿ.ಸಿ.ಯ ಇಂಜಿನ್. ಇಟಲಿಯ ಫಿಯೆಟ್ 1100 ಇವಳ ತಾಯಿ ಮನೆ. ಮುಂಬಯಿಯ ಕುರ್ಲಾದಲ್ಲಿ 1964ರಲ್ಲಿ ಡಿಲೈಟ್ ಅಂತ ಹುಟ್ಟಿ, ಆಮೇಲೆ ಪ್ರೆಸಿಡೆಂಟ್ ಆಗಿ, ಎಪ್ಪತ್ತರ ದಶಕದಲ್ಲಿ ಪದ್ಮಿನಿ ಅಂತ ಹೆಸರು ಬದಲಿಸಿಕೊಂಡಳು. (ನಮ್ಮ ನಟಿಯರೇನು ಕಮ್ಮಿಯೇ!) ಮುಂಬಯಿಯಲ್ಲಿ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗೆ 2023ರ ಅಕ್ಟೋಬರ್ ಕೊನೆಗೆ ಮಂಗಳ ಹಾಡಿದರು. ನಮ್ಮ ಜಗ್ಗೇಶ್ 2019ರಲ್ಲಿ ಇದೇ ಹೆಸರಿನ ಚಿತ್ರದಲ್ಲೇ ನಟಿಸಿದರು.

ಇರಲಿ, ಹುಣಸೆಮರಕ್ಕೆ ಬರೋಣ.

"ಪೆಟ್ರೋಲ್ ಖಾಲಿ ಆಗಿರ್ಬೇಕು ಯಜಮಾನ್ರೇ" ಅಂದೆ.

"ಸುಮ್ನಿರಪ್ಪ, ಕಣ್ಣು ಕಾಣಲ್ವಾ ನಿಂಗೆ? ಮುಳ್ಳು ನೋಡು, ಅರ್ಧ ಟ್ಯಾಂಕ್ ತೋರಿಸ್ತಿದೆ!"

ನಿಜ. ಮುಳ್ಳು ಅರ್ಧಕ್ಕೆ ಸರಿಯಾಗಿ ನಿಂತಿತ್ತು. ರಾಮನಗರದ ಬೆಟ್ಟ ದಾಟುವಾಗ, ಅದೇ 'ಶೋಲೆ' ತೆಗೆದ ಬೆಟ್ಟ, ಆಗಲೂ ಅರ್ಧ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನಲು ನಿಂತಾಗಲೂ ಅರ್ಧ. ಪಿಯುಸಿ ಅರ್ಧಕ್ಕೇ ಬಿಟ್ಟವನು ನಾನು, ಫಿಸಿಕ್ಸ್ ಕೇಳಬೇಡಿ. ಆದರೆ ಐವತ್ತು ಕಿಲೋಮೀಟರ್ ಓಡಿದರೂ ಕೂದಲೆಳೆಯಷ್ಟು ಅಲುಗದ ಮುಳ್ಳಿನ ಮೇಲೆ ನನಗಂತೂ ಅನುಮಾನ ಬಂತು. ಯಾರೋ ಬೈಕಿನ ಪುಣ್ಯಾತ್ಮ ಒಂದು ಲೀಟರ್ ಕೊಟ್ಟ. ಸುರಿದು ಸೆಲ್ಫ್ ಹೊಡೆದರೆ ಕಾರು ಸ್ಟಾರ್ಟ್! ಮುಳ್ಳು ಮಾತ್ರ ಆಗಲೂ ಅರ್ಧ.

ಯಜಮಾನರ ಮುಖ ಬಿಳಿಚಿತು. ಶೂಟಿಂಗ್ ತಡವಾಯಿತು ಅಂತ ಅಂದುಕೊಂಡೆ. ಅಲ್ಲ. ಚನ್ನಪಟ್ಟಣದ ಗ್ಯಾರೇಜ್ ತಲುಪುವವರೆಗೂ ಮಾತಿಲ್ಲ. ಮೇಸ್ತ್ರಿ ಕೆಲಸಕ್ಕೆ ಇಳಿದ ಮೇಲೆ ಮೆಲ್ಲಗೆ ಬಾಯಿ ಬಿಟ್ಟರು.

ಮನೆಯಲ್ಲಿ ಒಬ್ಬ ಹುಡುಗ ಇದ್ದನಂತೆ. ಆರು ವರ್ಷ ಇದೇ ಕಾರನ್ನು ಒರೆಸಿ, ಓಡಿಸಿ, ಇವರನ್ನು "ಅಪ್ಪಾಜಿ" ಅಂತಿದ್ದವನು. ಮೂರು ತಿಂಗಳ ಹಿಂದೆ ದುಡ್ಡು ಕೊಟ್ಟು ಟ್ಯಾಂಕ್ ತುಂಬಿಸಿಕೊಂಡು ಬಾ ಅಂತ ಕಳಿಸಿದರು. ಬಂದ ಮೇಲೆ ನೋಡಿದರೆ ಮುಳ್ಳು ಅರ್ಧದಲ್ಲಿದೆ! ಅದಕ್ಕೆ ಮೊದಲೇ ಲೀಟರಿಗೆ ಹನ್ನೆರಡು ಕೊಡುತ್ತಿದ್ದ ಕಾರು ಎಂಟಕ್ಕೆ ಇಳಿದಿತ್ತು. ಎರಡನ್ನೂ ಕೂಡಿಸಿದರು. ಹುಡುಗ ಪೆಟ್ರೋಲ್ ಕದೀತಾನೆ ಅಂತ ತೀರ್ಮಾನ. ಬೀದಿಯಲ್ಲಿ ನಾಲ್ಕು ಜನರ ಮುಂದೆ ಬೈದು ಕಳಿಸಿದರು. ಬಿಲ್ಲು ತೋರಿಸಿದನಂತೆ. "ಬಿಲ್ಲು ಯಾರು ಬೇಕಾದ್ರೂ ತರ್ತಾರೆ" ಅಂದರಂತೆ ಇವರು.

"ಅವನು ಹೋದ ಮೇಲೆ ಮೈಲೇಜ್ ಬಂತಾ?" ಕೇಳಿದೆ.

ಉತ್ತರ ಇಲ್ಲ.

ಅಷ್ಟರಲ್ಲಿ ಮೇಸ್ತ್ರಿ ಕೀ ಆನ್ ಮಾಡಿಸಿ, ಟ್ಯಾಂಕಿನಿಂದ ಬರುವ ವೈರ್ ಕಳಚಿ ಬಾಡಿಗೆ ಮುಟ್ಟಿಸಿದ. ಮುಳ್ಳು ಸರ್ರನೆ ಒಂದು ತುದಿಗೆ ಓಡಿತು. "ಮೀಟರ್ ಸರಿ, ವೈರೂ ಸರಿ. ರೋಗ ಟ್ಯಾಂಕ್ ಒಳಗೆ" ಅಂದ. ಆಮೇಲೆ ಅಕ್ಕಪಕ್ಕದವರ ಬೀಡಿ ಆರಿಸಿ, ಬ್ಯಾಟರಿ ಕಳಚಿಯೇ ಟ್ಯಾಂಕ್ ಬಿಚ್ಚಿದ್ದು. ನೀವೂ ಹಾಗೇ ಮಾಡಿ, ಹೀರೋಗಿರಿ ಬೇಡ.

ಒಳಗಿರೋದು ಸರಳ ವಿಚಾರ. ಉದ್ದನೆಯ ಕಡ್ಡಿ, ಅದರ ತುದಿಗೆ ತೇಲುವ ಬುಡ್ಡಿ. ಪೆಟ್ರೋಲ್ ಜೊತೆ ಬುಡ್ಡಿ ಏರುತ್ತೆ, ಇಳಿಯುತ್ತೆ. ಕಡ್ಡಿಯ ಇನ್ನೊಂದು ತುದಿ ಸಣ್ಣ ತಂತಿ ಸುರುಳಿಯ ಮೇಲೆ ಉಜ್ಜುತ್ತೆ. ಎಲ್ಲಿ ಮುಟ್ಟಿದೆ ಅನ್ನೋದರ ಮೇಲೆ ಕರೆಂಟ್ ಹೆಚ್ಚು ಕಮ್ಮಿ, ಅದರಂತೆ ಮುಳ್ಳಿನ ಆಟ. ಈ ಕಾರಿನಲ್ಲಿ ಕಡ್ಡಿಯ ಕೀಲು ತುಕ್ಕು, ಅಂಟು ಸೇರಿ ನಡುವೆಯೇ ಕಚ್ಚಿಕೊಂಡಿತ್ತು. ಟ್ಯಾಂಕ್ ತುಂಬಿದರೂ ಅರ್ಧ, ಬತ್ತಿದರೂ ಅರ್ಧ! ಬೇರೆ ಕಾರುಗಳಲ್ಲಿ ಬುಡ್ಡಿ ತೂತಾಗಿ ಮುಳುಗುತ್ತೆ, ಅರ್ಥ್ ಹೋಗುತ್ತೆ, ಸುರುಳಿ ಸವೆಯುತ್ತೆ.

ಮೈಲೇಜಿನ ಕಥೆ ಬೇರೆ. ಮೇಸ್ತ್ರಿ ಆಯಿಲ್ ಕಡ್ಡಿ ಎಳೆದು ನನ್ನ ಮೂಗಿಗೆ ಹಿಡಿದ. ಘಮ್ಮಂತ ಪೆಟ್ರೋಲ್ ವಾಸನೆ! ಪೆಟ್ರೋಲ್ ಪಂಪಿನ ಒಳಗಿನ ರಬ್ಬರ್ ಪೊರೆ ಸೀಳಿ ಪೆಟ್ರೋಲ್ ನೇರ ಇಂಜಿನ್ ಆಯಿಲಿಗೆ ಇಳಿಯುತ್ತಿತ್ತು. ಕಳ್ಳ ಸಿಕ್ಕಿದ! ಹೀಗೇ ಓಡಿಸಿದ್ದರೆ ಆಯಿಲ್ ನೀರಾಗಿ ಬೇರಿಂಗೂ ಹೋಗುತ್ತಿತ್ತು. ಈಗ ಬಂಕುಗಳಲ್ಲಿ ಬರುವ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ ಪೆಟ್ರೋಲು ಹಳೇ ರಬ್ಬರಿಗೆ ಆಗಿಬರೋದಿಲ್ಲ. ಎಥನಾಲಿನಲ್ಲಿ ಶಕ್ತಿಯೂ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಮ್ಮಿ. ಹಾಗಾಗಿ ಮೈಲೇಜು ಸ್ವಲ್ಪ ಇಳಿಯೋದು ಸಹಜ. ಆದರೆ ಹನ್ನೆರಡು ಇದ್ದದ್ದು ಎಂಟಾಗೋದು ಅದರಿಂದಲ್ಲ.

ಹಳೇ ಕಾರು ಇಟ್ಟುಕೊಂಡ ಅಣ್ಣತಮ್ಮಂದಿರಿಗೆ ಮೇಸ್ತ್ರಿ ಹೇಳಿದ ಲೆಕ್ಕ ಇದು. ಮುಳ್ಳು ನಂಬಬೇಡಿ. ಟ್ಯಾಂಕ್ ಬಾಯಿಯವರೆಗೆ ತುಂಬಿಸಿ ಕಿಲೋಮೀಟರ್ ಬರೆದಿಡಿ. ನೂರು ಕಿಲೋಮೀಟರ್ ಓಡಿಸಿ ಮತ್ತೆ ಅದೇ ಬಂಕಿನಲ್ಲಿ ಬಾಯಿಯವರೆಗೆ ತುಂಬಿಸಿ. ಎಷ್ಟು ಲೀಟರ್ ಹಿಡಿಯಿತೋ ಅದರಿಂದ ನೂರನ್ನು ಭಾಗಿಸಿ. ಹತ್ತು ಲೀಟರ್ ಹಿಡಿದರೆ ಹತ್ತು ಮೈಲೇಜು, ಅಷ್ಟೇ. ಕಮ್ಮಿ ಬಂದರೆ ಏರ್ ಫಿಲ್ಟರ್, ಪ್ಲಗ್, ಪಾಯಿಂಟ್, ಟೈರಿನ ಗಾಳಿ ನೋಡಿ. ಬ್ರೇಕ್ ಹಿಡಿದುಕೊಂಡಿದೆಯೇ ಅಂತಲೂ ನೋಡಿ.

ಯಜಮಾನರಿಗೆ ಇದೊಂದೂ ಕಿವಿಗೆ ಬೀಳಲಿಲ್ಲ. ಡ್ಯಾಶ್‌ಬೋರ್ಡಿನ ಗೂಡಿನಿಂದ ಮಡಚಿದ ಚೀಟಿ ತೆಗೆದು ಓದುತ್ತಿದ್ದರು. ಅದೇ ಬಿಲ್ಲು. ಹುಡುಗ ಅವತ್ತು ಹಾಕಿಸಿದ್ದು 31 ಲೀಟರ್. ಟ್ಯಾಂಕ್ ಹಿಡಿಯುವುದೇ 38.

ಲೊಕೇಶನ್ ತಲುಪಿದಾಗ ಮಧ್ಯಾಹ್ನ ಒಂದೂವರೆ. ಮ್ಯಾನೇಜರ್ ಬೈದ, ಅರ್ಧ ದಿನದ ಬಾಡಿಗೆ ಮುರಿದ. ಯಜಮಾನರು ತಲೆಯಾಡಿಸಿದರು, ಜಗಳವಾಡಲಿಲ್ಲ.

ವಾಪಸ್ ಬರುವಾಗ ಕೆಂಗೇರಿ ಹತ್ತಿರ ಒಂದು ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದರು. ಒಳಗಿಂದ ಗ್ರೀಸ್ ಕೈ ಒರೆಸುತ್ತಾ ಬಂದ ಹುಡುಗ ನೋಡಿ ಅಲ್ಲೇ ನಿಂತ. ಯಜಮಾನರು ಆ ಬಿಲ್ಲನ್ನು ಅವನ ಮುಂದೆ ಹಿಡಿದರು. "ತಪ್ಪಾಯ್ತು ಕಣಪ್ಪಾ" ಅನ್ನುವಷ್ಟರಲ್ಲಿ ಗಂಟಲು ಕಟ್ಟಿತು. ಹುಡುಗ ಬಿಲ್ಲು ಮುಟ್ಟಲಿಲ್ಲ. ಬೋನೆಟ್ ಎತ್ತಿ ಬಗ್ಗಿದ.

"ಚೋಕ್ ಕೇಬಲ್ ಪೂರ್ತಿ ವಾಪಸ್ ಹೋಗ್ತಿಲ್ಲ, ಅಲ್ಲೂ ಪೆಟ್ರೋಲ್ ಕುಡೀತಿದೆ. ಅವತ್ತೇ ಹೇಳಿದ್ನಲ್ಲಾ ಅಪ್ಪಾಜಿ."

ಎಣ್ಣೆ ಬಿಟ್ಟು, ಎಳೆದು, ಸರಿ ಮಾಡಿದ. ದುಡ್ಡು ಕೊಡಹೋದರೆ ತಗೊಳ್ಳಲಿಲ್ಲ. ಮನೆಗೆ ಬಾ ಅಂದರು. ಇಲ್ಲೇ ಕೆಲಸ ಚೆನ್ನಾಗಿದೆ ಅಂದ. ಯಜಮಾನರು ಬಾಗಿಲು ಹಿಡಿದು ನಿಂತೇ ಇದ್ದರು.

"ಹೊರಡಿ ಅಪ್ಪಾಜಿ. ಹೆಡ್‌ಲೈಟ್ ಒಂದೇ ಉರೀತಿದೆ, ಕತ್ತಲಾಗೋದ್ರೊಳಗೆ ಮನೆ ಸೇರ್ಕೊಳ್ಳಿ" ಅಂದ ಹುಡುಗ. ಬೋನೆಟ್ ಮುಚ್ಚಿದ.