ತಪ್ಪು ಎಸ್ಟೇಟ್ ತಲುಪುವ ಮೊದಲೇ

ಕೊಡಗಿನ ಕಾಫಿ ಬೆಳೆಗಾರರಿಗೆ ಮಳೆಯ ಲೆಕ್ಕ ತೋರಿಸುವ ಆ್ಯಪ್ ಒಂದನ್ನು ಊಹಿಸಿಕೊಳ್ಳಿ. ಲೆಕ್ಕದ ಭಾಗಕ್ಕೆ ಮಾಹಿತಿ ತರುವ ಭಾಗ ಬೇಕು, ಅದಕ್ಕೆ ನೆಟ್‌ವರ್ಕ್ ಭಾಗ ಬೇಕು. ಬೇಕಾದದ್ದನ್ನು ಹೊರಗಿನಿಂದ ಒದಗಿಸುವುದೇ ಡಿಪೆಂಡೆನ್ಸಿ ಇಂಜೆಕ್ಷನ್. ಈ ಜೋಡಣೆ ಆ್ಯಪ್ ತೆರೆದಾಗ ನಡೆಯುವಂತಿದ್ದರೆ, ಬಿಟ್ಟುಹೋದ ಕೊಂಡಿ ಗೊತ್ತಾಗುವುದು ಸೋಮವಾರಪೇಟೆಯ ಬೆಳೆಗಾರನ ಫೋನಿನಲ್ಲಿ, ಅದೂ ಹೂಮಳೆಯ ಹೊತ್ತಿನಲ್ಲಿ. ಆಂಡ್ರಾಯ್ಡ್‌ನಲ್ಲಿ ಬಳಸುವ ಡ್ಯಾಗರ್, ಗೋ ಭಾಷೆಗೆ 2018ರಲ್ಲಿ ಗೂಗಲ್ ತಂದ ವೈರ್ ಎಂಬ ಸಾಧನಗಳು ಜೋಡಣೆಯ ಕೋಡನ್ನು ಮೊದಲೇ, ಆ್ಯಪ್ ಕಟ್ಟುವ (ಬಿಲ್ಡ್) ಹಂತದಲ್ಲೇ, ಬರೆದಿಡುತ್ತವೆ. ಕೊಂಡಿ ತಪ್ಪಿದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಬರೆದಿಟ್ಟ ಕಡತವನ್ನು ತೆರೆದು ಓದಲೂಬಹುದು: ಒಂದು ಸಾಲಿನಲ್ಲಿ ನೆಟ್‌ವರ್ಕ್ ಹುಟ್ಟುತ್ತದೆ, ಮುಂದಿನ ಸಾಲಿನಲ್ಲಿ ಮಾಹಿತಿಯ ಭಾಗ ಅದನ್ನು ಪಡೆಯುತ್ತದೆ.

ಬಿಲ್ಡ್ ನಿಧಾನವಾಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಕಾಯುವವರು ಡೆವಲಪರ್, ಬೆಳೆಗಾರರಲ್ಲ. ಮಳೆಯ ಅಂಕಿಯೇ ತಪ್ಪಿದ್ದರೆ ಮಾತ್ರ ಡ್ಯಾಗರ್ ಅದನ್ನು ಹಿಡಿಯದು. ಮೂರೇ ಭಾಗಗಳ ಆ್ಯಪ್‌ಗಾದರೆ ಕೈಯಲ್ಲೇ ಜೋಡಿಸಿದರೂ ಸಾಕು.