ಮಲೇರಿಯಾದಿಂದ ಕುಲಾಂತರಿಯವರೆಗೆ: ಜಿ. ಪದ್ಮನಾಭನ್
ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು 1994ರಿಂದ 1998ರವರೆಗೆ ನಿರ್ದೇಶಕರಾಗಿ ಮುನ್ನಡೆಸಿದ ಜೀವರಸಾಯನ ವಿಜ್ಞಾನಿ ಜಿ. ಪದ್ಮನಾಭನ್ ಅವರ ಕೀರ್ತಿಯಲ್ಲಿ ಮಲೇರಿಯಾ ಸಂಶೋಧನೆಯ ಪಾಲು ದೊಡ್ಡದು. ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಕಬ್ಬಿಣವನ್ನು ಒಳಗೊಂಡ ಹೀಮ್ ಎಂಬ ಅಣುವು ಮಲೇರಿಯಾ ರೋಗಾಣು ನೆಲೆಸುವ ರಕ್ತಕಣದಲ್ಲಿ ಹೇರಳವಾಗಿದ್ದರೂ, ಆ ಪರಾವಲಂಬಿಯು ತನಗೆ ಬೇಕಾದ ಹೀಮನ್ನು ತಾನೇ ತಯಾರಿಸಿಕೊಳ್ಳುತ್ತದೆಂದು ಅವರ ತಂಡ 1992ರಲ್ಲಿ ತೋರಿಸಿತು. ಅನ್ನವಿರುವ ಮನೆಯಲ್ಲೇ ಬೇರೆ ಒಲೆ ಹೂಡುವಂಥ ಈ ವರ್ತನೆಯು ಔಷಧಿಗೆ ಹೊಸ ಗುರಿಯನ್ನು ಸೂಚಿಸಿದ್ದರಿಂದಲೇ ಆ ಶೋಧ ಅಷ್ಟು ಮಹತ್ವದ್ದಾಯಿತು. ಅರಿಶಿನದ ಕರ್ಕ್ಯುಮಿನ್ ಅಂಶವನ್ನೂ ಅವರು ಮಲೇರಿಯಾ ವಿರುದ್ಧ ಪರೀಕ್ಷಿಸಿದರು. 2003ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು.

ಆದರೆ ಕುಲಾಂತರಿ ಬೆಳೆಗಳನ್ನು, ಅಂದರೆ ಅನ್ಯ ಜೀವಿಯ ವಂಶವಾಹಿಯನ್ನು ಸೇರಿಸಿದ ತಳಿಗಳನ್ನು, ಬಹಿರಂಗವಾಗಿ ಬೆಂಬಲಿಸಿದ ಕಾರಣ ಅವರ ಹೆಸರು ವಿವಾದದ ನಡುವೆಯೂ ಕೇಳಿಬಂದಿತು. 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯು ಮಣ್ಣಿನ ಬ್ಯಾಕ್ಟೀರಿಯಾದಿಂದ ಪಡೆದ ವಂಶವಾಹಿಯ ಬಲದಿಂದ ಕಾಯಿಕೊರಕವನ್ನು ಕೊಲ್ಲುವ ಪ್ರೋಟೀನನ್ನು ತಯಾರಿಸುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿ, ಲಿಂಗಸುಗೂರು, ಮಸ್ಕಿ ಭಾಗದ ಹತ್ತಿ ಬೆಳೆಗಾರರಿಗೆ ಇದು ಕೇವಲ ಪುಸ್ತಕದ ವಿಷಯವಲ್ಲ. ಇದೇ ಬಗೆಯ ಕುಲಾಂತರಿ ತಳಿಯಾದ ಬಿಟಿ ಬದನೆಗೆ ಮಾತ್ರ ಕೇಂದ್ರ ಸರ್ಕಾರ 2010ರ ಫೆಬ್ರುವರಿಯಲ್ಲಿ ತಡೆ ಹಾಕಿತು. ಪ್ರಯೋಗಾಲಯದ ಸಾಕ್ಷ್ಯವನ್ನು ಪದ್ಮನಾಭನ್ ಅವರು ಎತ್ತಿಹಿಡಿದದ್ದು ವಿಜ್ಞಾನಿಯ ಧರ್ಮವೇ ಆದರೂ, ಗುಲಾಬಿ ಕಾಯಿಕೊರಕವು ಆ ಪ್ರೋಟೀನಿಗೆ ಒಗ್ಗಿಕೊಂಡ ಮೇಲೆ ರೈತರು ಮತ್ತೆ ಕೀಟನಾಶಕದ ಡಬ್ಬಿ ಹಿಡಿಯಬೇಕಾಗಿ ಬಂದುದನ್ನೂ ಆ ಚರ್ಚೆ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾಗಿದೆ.